ಗುಡುಗಿಗೆ ಹೆದರಿದ ಸರ್ವರ್

ಜಿಪುಣತನವನ್ನು ತತ್ವವೆಂದು ಸಾಧಿಸುವ ಕಲೆ ನನಗೆ ಮೊದಲಿನಿಂದಲೂ ಬರುತ್ತದೆ. ಸಾಸ್ತಾನದ ನೆಂಟರ ಮನೆಗೆ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗಿ, ಕಾರಿನ ವಾಸನೆ ನನಗಾಗುವುದಿಲ್ಲ ಎಂದು ಹೇಳಿದವನು ನಾನು. ಇಂಥ ಸುಳ್ಳುಗಳಿಂದ ಯಾರಿಗೂ ನಷ್ಟವಿಲ್ಲ ಎಂದೇ ತಿಳಿದಿದ್ದೆ. ಒಮ್ಮೆ ಮಾತ್ರ ಅದು ಒಂದು ಜೀವದ ತನಕ ಹೋಯಿತು. ಹೇಳಿಕೊಂಡರೆ ಹಗುರವಾಗುತ್ತದೆ ಎನ್ನುತ್ತಾರೆ. ಕೆಲವರಿಗೆ ಹೇಳಿದ್ದೇನೆ, ಇನ್ನೂ ಹಗುರವಾಗಿಲ್ಲ.

ಆಗ ನಾನು ಕುಂದಾಪುರದ ಒಂದು ಕಾಲೇಜಿನಲ್ಲಿ ಗುಮಾಸ್ತ. ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ರಕ್ತದಾನಿಗಳ ವೆಬ್‌ಸೈಟ್ ಮಾಡುವ ಹುಚ್ಚು ಹಿಡಿಯಿತು. ಬೇಕಾದ ಗುಂಪನ್ನು ಒತ್ತಿದರೆ ಕೊಡುವವರ ಹೆಸರು, ಊರು, ಫೋನ್ ನಂಬರ್ ಬರಬೇಕು. ಒಂದು ವರ್ಷ ಭಾನುವಾರಗಳನ್ನೆಲ್ಲ ಇದಕ್ಕೇ ಕೊಟ್ಟೆ. ಬಸ್ ನಿಲ್ದಾಣ, ಮದುವೆ ಮನೆ, ಮೀನು ಮಾರ್ಕೆಟ್, ಎಲ್ಲಿ ಹೋದರೂ ನನ್ನದು ಒಂದೇ ಪ್ರಶ್ನೆ: ನಿಮ್ಮದು ಯಾವ ಗುಂಪು? ಮೀನು ಮಾರುವ ಹೆಂಗಸೊಬ್ಬಳು ಬಂಗುಡೆ ಎಣಿಸುತ್ತ, "ನಮ್ದ್ ಮಹಿಳಾ ಗುಂಪ್. ನೀವ್ ಸೇರುಕೆ ಆತಿಲ್ಲೆ" ಎಂದಳು.

ಪಟ್ಟಿ ತಯಾರಾಯಿತು. ಅದನ್ನು ಇಡುವುದೆಲ್ಲಿ ಎಂಬುದು ಮುಂದಿನ ಪ್ರಶ್ನೆ. ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದ ಗೆಳೆಯ ಗಣಪತಿ ಸ್ಪಷ್ಟವಾಗಿ ಹೇಳಿದ್ದ: "ಹ್ವಾಯ್, ಒಂದ್ ಸರ್ವರ್ ಬಾಡಿಗೆಗೆ ತಕಣಿ ಮರ್ರೆ. ಅಲ್ಲ್ ಕರೆಂಟ್ ಹೋತಿಲ್ಲೆ, ನೋಡ್ಕಂಬುಕೆ ಜನ ಇರ್ತ್ರ್. ಮನೆ ಕಂಪ್ಯೂಟರ್ ನಂಬ್ಕಂಡ್ ರಕ್ತದ್ ಕೆಲ್ಸ ಮಾಡುಕಾಗ."

ಬಾಡಿಗೆ ಕೇಳಿದ ಕೂಡಲೇ ನನ್ನೊಳಗಿನ ತತ್ವ ಎದ್ದು ಕುಳಿತಿತು. "ನಮ್ಮ ಊರಿನವರ ನಂಬರನ್ನು ಗುರುತಿಲ್ಲದವರ ಮನೆಯಲ್ಲಿ ಇಡುವುದೇ?" ಎಂದೆ. ಗಣಪತಿ ನನ್ನ ಮುಖವನ್ನೇ ನೋಡಿ, ಸ್ಕ್ರೂಡ್ರೈವರ್ ಕೈಗೆತ್ತಿಕೊಂಡು ತನ್ನ ಕೆಲಸಕ್ಕೆ ತಿರುಗಿದ.

ಹೀಗೆ ಮನೆಯ ಕಂಪ್ಯೂಟರೇ ಸರ್ವರ್ ಆಗಿ ನಮ್ಮ ಮಲಗುವ ಕೋಣೆಯಲ್ಲಿ ನೆಲೆಸಿತು; ಅದು ಹಗಲೂ ರಾತ್ರಿ ಓಡುತ್ತಿದ್ದರೆ ಮಾತ್ರ ಪಟ್ಟಿ ಜನರಿಗೆ ತೆರೆಯುತ್ತಿತ್ತು. ಅದರ ಗುಂಯ್ಗುಡುವ ಫ್ಯಾನಿಗೆ ಹೆಂಡತಿ ಸುಮತಿ ಒಗ್ಗಿಕೊಂಡಳು. ಗುಡುಗು ಬಂದರೆ ಪ್ಲಗ್ ಎಳೆಯಬೇಕು ಎಂಬುದೊಂದೇ ಅವಳ ಷರತ್ತು. ಪಕ್ಕದ ಮನೆಯ ಟಿವಿ ಸಿಡಿಲಿಗೆ ಸುಟ್ಟದ್ದನ್ನು ಕಂಡಿದ್ದರಿಂದ ನಾನೂ ಒಪ್ಪಿದ್ದೆ.

ಮಳೆಗಾಲಕ್ಕೆ ಮುಂಚಿನ ಒಂದು ಭಾನುವಾರ. ಊಟ ಮುಗಿಯುವಷ್ಟರಲ್ಲಿ ಮೋಡ ಕವಿದು ಎರಡು ಸಲ ಗುಡುಗಿತು. ನಾನೇ ಎದ್ದು ಪ್ಲಗ್ ಎಳೆದು, ಅಲ್ಲೇ ಮಂಚದ ಮೇಲೆ ಉರುಳಿಕೊಂಡೆ. ಮಳೆ ಬರಲೇ ಇಲ್ಲ. ಎದ್ದು ಬನ್ಸ್ ತಿಂದೆ, ಪೇಪರ್ ಓದಿದೆ. ಪ್ಲಗ್ ಮರುದಿನ ಬೆಳಿಗ್ಗೆ ನೆನಪಾಯಿತು.

ಎರಡು ವಾರ ಕಳೆದ ಮೇಲೆ ಬಿಜೂರಿನಿಂದ ಮಂಜುನಾಥ ಎಂಬವರು ಮನೆ ಹುಡುಕಿಕೊಂಡು ಬಂದರು. ಗದ್ದೆ ಕೆಲಸದ ಮನುಷ್ಯ. ವಿಳಾಸ ಕೊಟ್ಟವನು ಗಣಪತಿಯಂತೆ. ಕಿಸೆಯಿಂದ ಚೀಟಿ ತೆಗೆದು, "ನಮ್ಮೂರಿನ್ ನಾಕ್ ಜನರ್ ಹೆಸ್ರಿತ್ತ್. ನಿಮ್ ಪಟ್ಟಿಗ್ ಸೇರ್ಸಿ" ಎಂದರು. ನನಗೆ ಸಂತೋಷವಾಯಿತು. ಯಾಕೆ ಮನಸ್ಸು ಬಂತು ಎಂದು ಕೇಳಿದೆ. ಕೇಳಬಾರದಿತ್ತು.

ಆ ಭಾನುವಾರ ಮಧ್ಯಾಹ್ನ ಅವರ ಹೆಂಡತಿಗೆ ಹೆರಿಗೆಯಾಗಿ, ರಕ್ತ ನಿಲ್ಲದೆ, ಕುಂದಾಪುರದ ಆಸ್ಪತ್ರೆಯಲ್ಲಿ ಓ ನೆಗೆಟಿವ್ ತನ್ನಿ ಎಂದಿದ್ದರು. ಭಾವಮೈದ ಸೈಬರ್ ಸೆಂಟರಿಗೆ ಓಡಿ ನನ್ನ ಪಟ್ಟಿ ತೆರೆಯಲು ನೋಡಿದ. ತೆರೆಯಲಿಲ್ಲ. ನನ್ನ ಫೋನ್ ನಂಬರೂ ಅದರೊಳಗೇ ಇತ್ತು. ರಕ್ತ ಸಿಗುವಾಗ ಸಂಜೆಯಾಗಿತ್ತಂತೆ.

"ನಾವೇ ಎಂತದೋ ತಪ್ಪ್ ಒತ್ತಿರ್ಕ್. ನಮ್ಗೆ ಇದೆಲ್ಲ ಬತ್ತಿಲ್ಲೆ" ಎಂದು ಅವರೇ ಸಂಕೋಚಪಟ್ಟರು.

"ಈಗ ಹೇಗಿದ್ದಾರೆ?" ಎಂದೆ.

"ಜೀವ ಉಳ್ದಿತ್. ಮಗಿನ್ನ ಎತ್ಕಂಬುಕೆ ಇನ್ನೂ ತ್ರಾಣ ಇಲ್ಲೆ." ಚೀಟಿಯನ್ನು ನನ್ನ ಮುಂದಿಟ್ಟು ಕೇಳಿದರು: "ಆ ದಿನ ಅದ್ ಓಪನ್ ಆಯಿದ್ರೆ, ಹತ್ರದಗೆ ಯಾರಾರೂ ಸಿಕ್ಕುತಿದ್ರಾ?"

ಕಂಪ್ಯೂಟರ್ ಎದುರು ಕುಳಿತು ಗುಂಪನ್ನು ಒತ್ತಿದೆ. ಕುಂದಾಪುರದ ಓ ನೆಗೆಟಿವ್ ಎಂದರೆ ಒಂದೇ ಹೆಸರು. "ಒಬ್ಬರು ಇದ್ದಾರೆ" ಎಂದೆ.

"ಅವ್ರ್ ಆ ದಿನ ಊರಗಿದ್ರೋ ಇಲ್ಯೋ" ಎಂದು ಅವರು ನನ್ನನ್ನೇ ಸಮಾಧಾನ ಮಾಡಿದರು.

ಚಹಾ ತಂದ ಸುಮತಿ ಲೋಟವನ್ನು ಅವರ ಕೈಗೆ ಕೊಟ್ಟು ಹೇಳಿದಳು: "ಇದ್ದಿದ್ರ್. ಇಲ್ಲೇ ಈ ಮಂಚದ್ ಮೇಲ್ ಮನಿಕಂಡಿದ್ರ್. ಅದ್ ಇವ್ರೇ."

ಮಂಜುನಾಥ ಬಯ್ದಿದ್ದರೆ ಚೆನ್ನಾಗಿತ್ತು. ಪ್ಲಗ್ಗಿನ ಕಥೆಯನ್ನು ನಾನು ತೊದಲುತ್ತ ಒಪ್ಪಿಸಿದೆ. ಅವರು ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, "ನಿಮ್ ಫೋನ್ ನಂಬರ್ ಒಂದ್ ಕಾಗ್ದದಗ್ ಬರ್ದ್ ಕೊಡಿ" ಎಂದರು. ಬರೆದುಕೊಟ್ಟೆ. ಮಡಚಿ ಕಿಸೆಗೆ ಹಾಕಿಕೊಂಡು, "ಬತ್ತೆ" ಎಂದು ಹೊರಟರು. ತಮ್ಮೂರಿನ ನಾಲ್ಕು ಹೆಸರುಗಳನ್ನು ಮಾತ್ರ ವಾಪಸು ಕೇಳಲಿಲ್ಲ.

ಮರುದಿನವೇ ಗಣಪತಿಯ ಅಂಗಡಿಗೆ ಹೋಗಿ ಸರ್ವರ್ ಬಾಡಿಗೆಗೆ ಹಿಡಿದೆ. ಈಗ ಪಟ್ಟಿ ಎಲ್ಲೋ ದೂರದ ಊರಿನಲ್ಲಿ ಎಚ್ಚರವಾಗಿಯೇ ಇದೆ. ಇಲ್ಲಿ ಗುಡುಗಿದರೆ ಅದಕ್ಕೇನೂ ಆಗುವುದಿಲ್ಲ. ಹೆಸರುಗಳನ್ನು ಹೊಸ ಜಾಗಕ್ಕೆ ಸಾಗಿಸುವಾಗ ನನ್ನದೂ ಬಂತು. ಹೆಸರಿನ ಮುಂದೆ, ಯಾವ ಹೊತ್ತಿನಲ್ಲಿ ಸಿಗುತ್ತೀರಿ ಎಂಬಲ್ಲಿ, ಹಿಂದೆ ನಾನೇ ದೊಡ್ಡ ಮನಸ್ಸು ಮಾಡಿ ತುಂಬಿದ್ದೆ: 'ಯಾವಾಗ ಬೇಕಾದರೂ'. ಅದನ್ನು ಅಳಿಸಿದೆ. ಬದಲಿಗೆ ಏನು ಬರೆಯಬೇಕೆಂದು ತಿಳಿಯದೆ, ಆ ಜಾಗವನ್ನು ಇವತ್ತಿಗೂ ಖಾಲಿ ಬಿಟ್ಟಿದ್ದೇನೆ.