ಬಿಳಿ ತಲೆಯವನಿಗೆ ಈಜು ಬರುತ್ತಿತ್ತು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದಕ್ಕೂ ಒಂದು ವಯಸ್ಸಿರುತ್ತದೆ. ಇಪ್ಪತ್ತರಲ್ಲಿ ಹೇಳಿದರೆ ವಿನಯ, ಐವತ್ತಾರರಲ್ಲಿ ಹೇಳಿದರೆ ಮಾನ ಹೋಗುತ್ತದೆ. ಹಾಗಾಗಿ ಇಷ್ಟು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದನ್ನು ನಿಮ್ಮ ಹತ್ತಿರ ಮಾತ್ರ ಹೇಳುತ್ತೇನೆ. ನನಗೆ ಹಿಂದಿ ಬರುವುದಿಲ್ಲ. ಬರುತ್ತದೆ ಎಂದು ನಾನಾಗಿ ಯಾರಿಗೂ ಹೇಳಿದವನೂ ಅಲ್ಲ. ತುಮಕೂರಿನಲ್ಲಿ ನಾನು ಕೆಲಸ ಮಾಡುವ ಸರ್ವೆ ಆಫೀಸಿಗೆ ಒಮ್ಮೆ ಉತ್ತರದ ಕಡೆಯ ಸಾಹೇಬರೊಬ್ಬರು ಬಂದಿದ್ದರು. ಎರಡು ದಿನ ಅವರ ಜೊತೆ ಜೀಪಿನಲ್ಲಿ ಸುತ್ತುವ ಕೆಲಸ ನನ್ನ ತಲೆಗೆ ಬಿತ್ತು. ಅವರು ಏನೇ ಹೇಳಲಿ, ನಾನು ಒಮ್ಮೆ "ಹಾಂ ಜೀ", ಇನ್ನೊಮ್ಮೆ "ಅಚ್ಛಾ ಜೀ" ಎಂದೆ. ಹೊರಡುವಾಗ ಅವರು ನಮ್ಮ ಮೇಲಧಿಕಾರಿಗೆ, ತಮ್ಮ ಮಾತು ಇಲ್ಲಿ ಅರ್ಥವಾಗಿದ್ದು ಇವರೊಬ್ಬರಿಗೇ ಎಂದು ಸರ್ಟಿಫಿಕೇಟು ಕೊಟ್ಟು ಹೋದರು. ಅಂದಿನಿಂದ ನಾನು ಹಿಂದಿ ಪಂಡಿತ. ನನ್ನ ಹೆಂಡತಿ ಸುಮಿತ್ರ ಕೂಡ ಅದನ್ನು ನಂಬಿದಳು. ಮೂವತ್ತು ವರ್ಷದಲ್ಲಿ ನನ್ನ ಬಗ್ಗೆ ಅವಳು ನಂಬಿದ ಒಳ್ಳೆಯ ಸಂಗತಿ ಅದೊಂದೇ ಆದ್ದರಿಂದ ನಾನೂ ತಿದ್ದಲು ಹೋಗಲಿಲ್ಲ.

ನಮ್ಮ ಮಗಳು ಕಾವ್ಯಳಿಗೆ ಗುಬ್ಬಿಯಿಂದ ಸಂಬಂಧ ಬಂದಾಗ ಸುಮಿತ್ರ ಈ ಸಂಗತಿಯನ್ನೂ ಕಾಫಿಯ ಜೊತೆಗೆ ಅವರ ಮುಂದಿಟ್ಟಳು. ಹುಡುಗನ ಅಪ್ಪ ಬಸವರಾಜಪ್ಪನವರದು ತೆಂಗಿನಕಾಯಿ, ಕೊಬ್ಬರಿ ಮಂಡಿ. ತಲೆಯೆಲ್ಲ ಬೆಳ್ಳಗೆ, ಮಾತು ಕಡಿಮೆ. ಹುಡುಗ ಹುಡುಗಿ ಒಪ್ಪಿದ್ದರು, ಹೆಂಗಸರು ಒಪ್ಪಿದ್ದರು, ಬಸವರಾಜಪ್ಪನವರು ಮಾತ್ರ "ನೋಡಾಣ ಸಾರ್" ಎನ್ನುತ್ತಿದ್ದರು. ನಮ್ಮ ಕಡೆ ಗಂಡಿನ ಅಪ್ಪನ ಬಾಯಲ್ಲಿ "ಸಾರ್" ಹೋಗಿ "ಬೀಗ್ರೇ" ಬರುವ ತನಕ ಏನೂ ಗಟ್ಟಿಯಲ್ಲ. ಮೂರು ಸಲ ಬಂದರು, ಮೂರು ಸಲವೂ ಸಾರ್. ನಾಲ್ಕನೆಯ ಸಲ ಮಕ್ಕಳು ಸಿನಿಮಾಕ್ಕೆ ಹೋಗುತ್ತೇವೆ ಎಂದರು. ನಿಶ್ಚಯವಾಗದೆ ಇಬ್ಬರೇ ಹೋಗುವುದು ಹೇಗೆ ಎಂದು ಎರಡೂ ಮನೆಯವರು ಕಾವಲಿಗೆ ಹೊರಟೆವು. ಆರು ಸೀಟು ಒಟ್ಟಿಗೆ ಸಿಕ್ಕಿದ್ದು ಒಂದು ಹಿಂದಿ ಸಿನಿಮಾಕ್ಕೆ ಮಾತ್ರ. ಮನೆ ಮಂದಿಯೆಲ್ಲ ನೋಡಬಹುದು, ಫೈಟಿಂಗೂ ಇದೆ, ಕಾಮಿಡಿಯೂ ಇದೆ ಎಂದಳು ಕಾವ್ಯ.

ಮಕ್ಕಳು ಆ ತುದಿಗೆ ಹೋಗಿ ಕೂತರು. ನನ್ನ ಎಡಕ್ಕೆ ಬಸವರಾಜಪ್ಪ, ಅವರಾಚೆ ಅವರ ಹೆಂಡತಿ ಗಿರಿಜಮ್ಮ, ಬಲಕ್ಕೆ ಸುಮಿತ್ರ. ದೀಪ ಆರುತ್ತಿದ್ದಂತೆ ಗಿರಿಜಮ್ಮ ಗಂಡನ ಮೇಲಿಂದ ಬಗ್ಗಿ, "ಅಣ್ಣಾ, ನಂಗೆ ಒಂದಕ್ಷರ ತಿಳಿಯಾಕಿಲ್ಲ. ಇವ್ರು ಬಾಯೇ ಬಿಡಾಕಿಲ್ಲ, ನೀವು ಒಸಿ ಬಿಡಿಸಿ ಹೇಳ್ತಾ ಇರಿ" ಎಂದರು. ನನಗೆ ತಿಳಿಯುವುದೂ ಅಷ್ಟೇ. ಆದರೂ "ಅದಕ್ಕೇನಂತೆ" ಎಂದುಬಿಟ್ಟೆ.

ಪರದೆಯ ಮೇಲೆ ಮೀಸೆಯ ಹೀರೋ ದೋಸೆ ಹುಯ್ಯುತ್ತಿದ್ದ. ಅಷ್ಟರಲ್ಲಿ ಕರೀ ಕಾರುಗಳಲ್ಲಿ ಗೂಂಡಾಗಳು ಬಂದರು. ಹೀರೋನ ಹೆಂಡತಿ ಕುಕ್ಕರಿನಲ್ಲಿ ಒಬ್ಬನಿಗೆ ಬಾರಿಸಿದಳು. ಮುಂದಿನ ಸಾಲಿನ ಕಾಲೇಜು ಹುಡುಗರು ಬಿದ್ದು ಬಿದ್ದು ನಕ್ಕರು. ಅವರು ನಕ್ಕಿದ್ದು ನೋಡಿ ನಾನು ನಕ್ಕೆ, ನಾನು ನಕ್ಕಿದ್ದು ನೋಡಿ ಗಿರಿಜಮ್ಮ ನಕ್ಕರು. ನಗು ಹೀಗೆ ಕಂತಿನಲ್ಲಿ ಹಿಂದಕ್ಕೆ ಬರುತ್ತಿತ್ತು. "ಯಾಕಣ್ಣ ಹೊಡೆದಾಟ?" ಎಂದರು ಗಿರಿಜಮ್ಮ. ಮೂವತ್ತು ವರ್ಷ ಬೇರೆಯವರ ಜಮೀನು ಅಳೆದ ತಲೆಗೆ ಜಗಳ ಎಂದರೆ ಹೊಳೆಯುವುದು ಒಂದೇ. "ಪಾಲಿನ ಜಗಳ ಕಣಮ್ಮ" ಎಂದೆ. ಆಮೇಲೆ ಕಥೆ ತಾನಾಗಿ ಬಂತು. ದೊಡ್ಡ ಬಂಗಲೆಯಲ್ಲಿ ಸಿಗಾರು ಸೇದುತ್ತಿದ್ದ ಬಿಳಿ ತಲೆಯವನು ಹೀರೋನ ಅಣ್ಣನಾದ. ಹೀರೋ ಬಚ್ಚಿಟ್ಟ ಪೆನ್‌ಡ್ರೈವಿನಲ್ಲಿ ಪಾಲುಪಟ್ಟಿ ಇತ್ತು. ಹೆಲಿಕಾಪ್ಟರ್ ಬಂದಾಗ "ಮೇಲಿಂದ ಅಳತೆ ಮಾಡ್ತವ್ರೆ, ಈಗ ಹೊಸ ಪದ್ಧತಿ" ಎಂದೆ. ಹಿಂದಿನ ಸಾಲಿನಲ್ಲಿ ಊರ್ಡಿಗೆರೆ ಕಡೆಯ ಒಬ್ಬ ಹೆಂಗಸು ಮನೆ ಮಂದಿಯನ್ನೆಲ್ಲ ಕಟ್ಟಿಕೊಂಡು ಬಂದಿದ್ದರು. ಅವರೂ ಸೀಟಿನ ಅಂಚಿಗೆ ಸರಿದು, "ಒಸಿ ಜೋರಾಗಿ ಹೇಳಣ್ಣೋ" ಎಂದರು. ಹುಮ್ಮಸ್ಸು ತಡೆಯಲಾಗಲಿಲ್ಲ. "ಈ ಬಿಳಿ ತಲೆಯೋನು ಮಹಾ ಆಸೆಬುರುಕ. ಒಡಹುಟ್ಟಿದ ತಮ್ಮನ ಬಾಯಿಗೆ ಮಣ್ಣು ಹಾಕಿದವನು" ಎಂದೆ. "ಥೂ, ಅವ್ನ ಮನೆ ಹಾಳಾಗ" ಎಂದು ಹಿಂದಿನ ಸಾಲು ಪೂರ್ತಿ ಶಾಪ ಹಾಕಿತು. ಬಸವರಾಜಪ್ಪನವರು ಮಾತ್ರ ಕಲ್ಲಿನಂತೆ ಕೂತಿದ್ದರು.

ಇಂಟರ್ವಲ್ಲಿನಲ್ಲಿ ಸುಮಿತ್ರ ನನ್ನನ್ನು ಪಾಪ್‌ಕಾರ್ನ್ ಸಾಲಿನ ಮೂಲೆಗೆ ಎಳೆದುಕೊಂಡು ಹೋಗಿ ರಟ್ಟೆ ಚಿವುಟಿದಳು.

"ರೀ, ನಿಮಗೆ ಬುದ್ಧಿ ಇದೆಯಾ? ಹುಡುಗನ ಅಪ್ಪನಿಗೂ ಕುಣಿಗಲ್‌ನಲ್ಲಿರೋ ಅವರ ತಮ್ಮನಿಗೂ ತೋಟದ ಪಾಲಿಗೆ ಜಗಳ ಆಗಿ ಹನ್ನೆರಡು ವರ್ಷದಿಂದ ಮಾತಿಲ್ಲ. ಹೋದ ವಾರ ತಾನೇ ಹೇಳಿದ್ನಲ್ಲ!"

"ಹೇಳಿದ್ಯಾ?"

"ಹೇಳ್ದೆ. ನೀವು ಪೇಪರ್ ಓದ್ತಾ ಹೂಂ ಅಂದ್ರಿ."

ಮನೆಯಲ್ಲೂ ನನ್ನದು ಹಾಂ ಜೀ ಪದ್ಧತಿಯೇ ಎಂದು ಆಗ ಹೊಳೆಯಿತು. ದೂರದಲ್ಲಿ ಕಾವ್ಯ ಆ ಹುಡುಗನ ಜೊತೆ ಒಂದೇ ಪೊಟ್ಟಣಕ್ಕೆ ಕೈ ಹಾಕಿ ನಗುತ್ತಿದ್ದಳು. ಅವಳು ಅಷ್ಟು ಹಗುರವಾಗಿ ನಕ್ಕಿದ್ದನ್ನು ನಾನು ನೋಡಿ ಎಷ್ಟೋ ದಿನವಾಗಿತ್ತು. ನನ್ನ ಬಾಯಿ ಚಪಲಕ್ಕೆ ಆ ನಗು ಹೋದರೆ ಯಾವ ಮುಖ ಇಟ್ಟುಕೊಂಡು ಅವಳ ಮುಂದೆ ನಿಲ್ಲಲಿ ಎಂದು ನಿಜವಾಗಿಯೂ ಹೆದರಿದೆ. ದಾರಿ ಒಂದೇ ಇತ್ತು. ಉಳಿದ ಅರ್ಧದಲ್ಲಿ ಬಿಳಿ ತಲೆಯವನನ್ನು ದೇವರಂಥ ಮನುಷ್ಯನನ್ನಾಗಿ ಮಾಡಬೇಕು.

ಆದರೆ ಡೈರೆಕ್ಟರು ಸಹಕರಿಸಬೇಕಲ್ಲ! ಬಿಳಿ ತಲೆಯವನು ಬಂದವನೇ ಹೀರೋನ ಹೆಂಡತಿ ಮಕ್ಕಳನ್ನು ಎತ್ತಿಕೊಂಡು ಹೋಗಿ ಗೋಡೌನಿನಲ್ಲಿ ಕಂಬಕ್ಕೆ ಕಟ್ಟಿಸಿದ. "ಅಣ್ಣನಿಗೆ ಈಗ ಪಶ್ಚಾತ್ತಾಪ ಆಗಿದೆ. ತಮ್ಮನ ಮನೆಯವರನ್ನ ಊಟಕ್ಕೆ ಕರೆಸ್ಕೊಂಡವ್ರೆ" ಎಂದೆ.

"ಕಂಬಕ್ಕೆ ಕಟ್ಟವ್ನಲ್ಲಣ್ಣ?" ಎಂದಿತು ಹಿಂದಿನ ಸಾಲು.

"ಉಣ್ಣದೆ ಹೋಗಬಾರದು ಅಂತ ಪ್ರೀತಿ."

ಮುಂದಿನ ಸಾಲಿನ ಹುಡುಗರು ಸಿನಿಮಾ ಬಿಟ್ಟು ನನ್ನ ಕಡೆ ತಿರುಗಿ ಕೂತರು. ಮೆಷಿನ್‌ಗನ್ನು ಸಿಡಿದಾಗ, ತಮ್ಮ ಬಂದ ಖುಷಿಗೆ ಪಟಾಕಿ ಎಂದೆ. ಕೊನೆಗೆ ಬಿಳಿ ತಲೆಯವನ ಕಾರು ಸೇತುವೆಯಿಂದ ಸಮುದ್ರಕ್ಕೆ ಬಿತ್ತು. ಗುಳ್ಳೆ ಬಂತು, ಗುಳ್ಳೆಯೂ ನಿಂತಿತು. "ಸತ್ತೋದ್ನಾ?" ಎಂದರು ಗಿರಿಜಮ್ಮ. "ಸಾಯಾಕಿಲ್ಲ ಕಣಮ್ಮ, ಅವರಿಗೆ ಈಜು ಬರ್ತದೆ" ಎಂದು ಹೆಚ್ಚುಕಡಿಮೆ ಕಿರುಚಿದೆ. ದೇವರು ದೊಡ್ಡವನು, ಮುಂದಿನ ದೃಶ್ಯದಲ್ಲಿ ಯಾರೋ ಒಬ್ಬ ದಾಂಡಿಗ ಬಂದು ಹೀರೋನನ್ನು ತಬ್ಬಿಕೊಂಡ. "ನೋಡಿ, ಈಜ್ಕೊಂಡು ಬಂದ್ರು. ಅಣ್ಣ ತಮ್ಮ ಒಂದಾದ್ರು."

"ತಲೆ ಕರ್ರಗೈತಲ್ಲಣ್ಣೋ?"

"ಉಪ್ಪು ನೀರಿಗೆ ಬಿದ್ದರೆ ಹಂಗೇ ಆಗೋದು."

ಹೊರಗೆ ಬಂದಾಗ ನನ್ನ ಅಂಗಿ ಒದ್ದೆಯಾಗಿತ್ತು. ಬಸವರಾಜಪ್ಪನವರು ನೇರವಾಗಿ ಪಾರ್ಕಿಂಗ್ ಕಡೆ ನಡೆದರು. ನಾನು ಹಿಂದೆಯೇ ಹೋದೆ. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಅವರು ಅದನ್ನು ಕಿವಿಗಿಟ್ಟು ನಿರರ್ಗಳ ಹಿಂದಿಯಲ್ಲಿ ಬೈದರು, ನಕ್ಕರು, ಚೌಕಾಸಿ ಮಾಡಿದರು. ಹತ್ತು ನಿಮಿಷದಲ್ಲಿ ಒಂದು ಲಾರಿ ಕೊಬ್ಬರಿಯನ್ನು ಡೆಲ್ಲಿಗೆ ಮಾರಿ ಮುಗಿಸಿದರು. ಕೊಬ್ಬರಿ ಮಂಡಿಯವರಿಗೆ ಡೆಲ್ಲಿ ಸೇಟುಗಳ ಜೊತೆ ದಿನಾ ವ್ಯವಹಾರ ಇರುತ್ತದೆ ಎಂಬುದು ನಮ್ಮ ಜಿಲ್ಲೆಯಲ್ಲಿ ಯಾರಿಗೆ ತಾನೇ ಗೊತ್ತಿಲ್ಲ? ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಿಮಗೆ ಹಿಂದಿ..." ಎಂದೆ.

"ಮೂವತ್ತು ವರ್ಷದ ಯಾಪಾರ. ನೀವು ಹೇಳ್ತೀನಿ ಅಂದ್ರಿ, ದೊಡ್ಡೋರು ಹೇಳುವಾಗ ಬ್ಯಾಡ ಅನ್ನಾದು ಹೆಂಗೆ?" ಎಂದು ಫೋನನ್ನು ಜೇಬಿಗೆ ಹಾಕಿ ನೆಲ ನೋಡುತ್ತ ನಿಂತರು. "ಆ ಬಿಳಿ ತಲೆಯೋನು ನೀರಾಗೆ ಮುಳುಗಿ ಸತ್ತ. ಆ ಪಿಚ್ಚರ್‌ನೋರಿಗೆ ಅವ್ನು ಸತ್ರೆ ಸಾಕಾಗಿತ್ತು. ನೀವೊಬ್ರೇ ಅವ್ನನ್ನ ದಡಕ್ಕೆ ಎಳ್ದು ತಮ್ಮನ ಕೈಲಿ ತಬ್ಬಿಸಿದ್ದು." ಕಾರಿನ ಬಾಗಿಲು ತೆಗೆದವರು ಮತ್ತೆ ಮುಚ್ಚಿದರು. "ಸೋಮವಾರ ಕುಣಿಗಲ್‌ಗೆ ಹೋಗಾಣ. ಅವ್ನನ್ನ ಬುಟ್ಟು ಮಗನ ಮದುವೆ ಹೆಂಗೆ ಮಾಡ್ಲಿ? ಆದ್ರೆ ನಂಗೆ ನೆಟ್ಟಗೆ ಮಾತಾಡಾಕೆ ಬರಾಕಿಲ್ಲ. ಪಕ್ಕದಾಗೆ ನೀವಿರ್ಬೇಕು ಬೀಗ್ರೇ."

ಬೀಗ್ರೇ! ಅದೊಂದು ಮಾತಿಗೆ ನಾನು ಕುಣಿಗಲ್ ಏನು, ಕಾಶಿಗೂ ನಡೆದುಕೊಂಡೇ ಹೋಗುತ್ತಿದ್ದೆ. ಸೋಮವಾರ ಹೋದೆವು. ಜಗುಲಿಯ ಮೇಲೆ ಕೂತಿದ್ದ ತಮ್ಮನನ್ನು ನೋಡಿ ಬಸವರಾಜಪ್ಪನವರು ಹನ್ನೆರಡು ವರ್ಷದ ಮೌನ ಮುರಿದರು: "ಏನ್ಲಾ, ಇನ್ನೂ ಬದುಕಿದೀಯಾ?"

"ಆರೋಗ್ಯ ಹೇಗಿದೆ ಅಂತ ಕೇಳ್ತಿದ್ದಾರೆ" ಎಂದೆ ನಾನು.

"ಇವ್ನು ಸತ್ತ ಮೇಲೇ ನಾನು ಸಾಯೋದು ಅನ್ನಿ" ಎಂದ ತಮ್ಮ.

"ನೂರು ವರ್ಷ ಬಾಳಿ ಅಂತಿದ್ದಾರೆ" ಎಂದೆ ಈ ಕಡೆ ತಿರುಗಿ. ಇಬ್ಬರಿಗೂ ಎಲ್ಲ ಕೇಳಿಸುತ್ತಿತ್ತು, ಇಬ್ಬರೂ ನನ್ನ ಮಾತಿಗೇ ಕಾಯುತ್ತಿದ್ದರು. ಒಳಗಿನಿಂದ ಮೂರು ಲೋಟ ಕಾಫಿ ಬಂತು. ನಿಶ್ಚಿತಾರ್ಥಕ್ಕೆ ತಮ್ಮ ಹಿಂದಿನ ದಿನವೇ ಬಂದು ಚಪ್ಪರ ಕಟ್ಟಿಸಿದ. ಅಣ್ಣ ತಮ್ಮಂದಿರು ಈಗ ದಿನಾ ಒಬ್ಬರಾದ ಮೇಲೊಬ್ಬರು ನನಗೇ ಫೋನ್ ಮಾಡುತ್ತಾರೆ. ಆಡುವುದು ಅಚ್ಚ ಕನ್ನಡ, ಆದರೆ ಯಾವುದು ಸಿಟ್ಟು, ಯಾವುದು ಪ್ರೀತಿ ಎಂದು ನನಗೊಂದೂ ತಿಳಿಯುವುದಿಲ್ಲ. ಅವನಿಗೆ ಏನು ಹೇಳಬೇಕೋ ಹೇಳಿ ಎಂದು ಇಬ್ಬರೂ ಅನ್ನುತ್ತಾರೆ. ನಾನು ಎಂದಿನಂತೆ ಹಾಂ ಜೀ ಎನ್ನುತ್ತೇನೆ.