ಕೌದಿಗೆ ಮಷೀನೇ ಆಗಬೇಕು

ನಮ್ಮ ತಾಲ್ಲೂಕಿನಲ್ಲಿ ನಮ್ಮ ದೊಡ್ಡವ್ವನಷ್ಟು ಆಧುನಿಕ ಹೆಂಗಸು ಇನ್ನೊಬ್ಬಳಿರಲಿಲ್ಲ ಎಂದು ನಾನು ಹೇಳಿದರೆ ಅವಳನ್ನು ಬಲ್ಲವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ಫ್ರಿಜ್ಜಿನ ನೀರು ಕುಡಿದರೆ ಕೆಮ್ಮು ಹತ್ತುತ್ತದೆ, ಮಿಕ್ಸರಿನ ಚಟ್ನಿಗೆ ಕರೆಂಟಿನ ವಾಸನೆ ಬರುತ್ತದೆ, ಗ್ಯಾಸಿನ ಮೇಲೆ ಬೇಯಿಸಿದ ರೊಟ್ಟಿ ತಿಂದರೆ ಮೊಣಕಾಲು ಹಿಡಿಯುತ್ತದೆ ಎಂದೆಲ್ಲ ಕಂಡುಹಿಡಿದವಳು ಅವಳೇ. ಟಿ.ವಿ.ಯಲ್ಲಿ ವಾರ್ತೆ ಓದುವವನು ಕಾಣಿಸಿಕೊಂಡರೆ, ಪರಗಂಡಸು ಮನೆಗೆ ಬಂದನೆಂದು ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದಳು. ಇಂಥವಳು ಕೌದಿಯ ವಿಷಯ ಬಂದಾಗ ಮಾತ್ರ ಏಕಾಏಕಿ ಯಂತ್ರಯುಗಕ್ಕೆ ಕಾಲಿಟ್ಟಳು! ಆ ಕಾಲು ಬಂದು ಊರಿದ್ದು ನನ್ನ ತಲೆಯ ಮೇಲೆ.

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಅವ್ವ ತೀರಿಕೊಂಡಾಗ ನನ್ನ ತಂಗಿಗೆ ಇನ್ನೂ ಸರಿಯಾಗಿ ಮಾತು ಬಂದಿರಲಿಲ್ಲ. ಗಂಡನೂ ಮಕ್ಕಳೂ ಇಲ್ಲದ ದೊಡ್ಡವ್ವ "ನಾಕು ದಿನ ಇದ್ದು ಹೋಗ್ತೀನಿ" ಎಂದು ತಂಬ್ರಹಳ್ಳಿಯಿಂದ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಗೆ ಬಂದಳು. ಆ ನಾಲ್ಕು ದಿನ ಮುಗಿಯಲೇ ಇಲ್ಲ. ನಮ್ಮನ್ನು ಬೈದು, ಬಡಿದು, ಉಣಿಸಿ ದೊಡ್ಡವರನ್ನಾಗಿ ಮಾಡಿದಳು. ನಾನು ಹೈಸ್ಕೂಲು ಮೇಷ್ಟ್ರಾದೆ, ತಂಗಿ ಮದುವೆಯಾಗಿ ಹರಪನಹಳ್ಳಿಗೆ ಹೋದಳು.

ನಾನು ಹೇಳುತ್ತಿರುವ ಈ ಸಂಕಟ ತೊಂಬತ್ತರ ದಶಕದ ಕೊನೆಯದು. ತಂಗಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಕೂಸಿಗೆ ಐದು ತಿಂಗಳು ತುಂಬುತ್ತಿತ್ತು; ಸೋಮವಾರ ಅವಳ ಅತ್ತೆ ಬಂದು ಇಬ್ಬರನ್ನೂ ಕರೆದುಕೊಂಡು ಹೋಗುವುದೆಂದು ಗೊತ್ತಾಗಿತ್ತು. ತೊಟ್ಟಿಲು, ಬೆಳ್ಳಿಯ ಕಡಗ ಎಲ್ಲ ಸಿದ್ಧವಾಗಿದ್ದವು. ತಂಗಿ ಬಾಯಿಬಿಟ್ಟು ಕೇಳಿದ್ದು ಮಾತ್ರ ಒಂದೇ: ಅವ್ವನ ಸೀರೆಗಳ ಕೌದಿ. "ನನಗ ಅವ್ವನ ಮುಖ ನೆನಪಿಲ್ಲ. ಕೂಸಿನ ಮೈಮ್ಯಾಗರ ಆಕಿ ಸೀರಿ ಇರ್ಲಿ," ಅಂದಿದ್ದಳು.

ದೊಡ್ಡವ್ವ ಟ್ರಂಕಿನಿಂದ ಅವ್ವನ ಹಳೆಯ ಸೀರೆಗಳನ್ನು ತೆಗೆದಳು. ಕತ್ತರಿಸಿದಳು, ಪದರದ ಮೇಲೆ ಪದರ ಹಾಸಿದಳು, ದೂರ ದೂರ ಟಾಕು ಹಾಕಿ ಜೋಡಿಸಿದಳು. ಕೂಸಿನ ಕೌದಿಯಾದ್ದರಿಂದ ಉದ್ದ ಅಗಲ ಕಡಿಮೆಯೇ. ಆದರೆ ಒಂದು ಸೀರೆಯನ್ನೂ ಬಿಡಲು ಅವಳಿಗೆ ಮನಸ್ಸಾಗಲಿಲ್ಲ, ಹಾಗಾಗಿ ದಪ್ಪಕ್ಕೇನೂ ಕೊರತೆಯಿರಲಿಲ್ಲ. ಇನ್ನು ಮೇಲಿನಿಂದ ಕೆಳಗಿನವರೆಗೆ ಸಾಲುಹೊಲಿಗೆ ಹಾಕಿ ಮುಗಿಸುವುದೊಂದೇ ಬಾಕಿ. ಅಲ್ಲಿಗೆ ಬಂದು ಕೈಬಿಟ್ಟಳು.

"ಇದನ್ನ ಮಷೀನಿಗೆ ಕೊಡಬೇಕು," ಎಂದಳು.

ನನ್ನ ಕಿವಿಯೇ ಕೆಟ್ಟಿತೇನೋ ಅಂದುಕೊಂಡೆ. ಎದುರುಮನೆಯವರು ಮಷೀನಿನಲ್ಲಿ ಕೌದಿ ಹೊಲಿಸಿದಾಗ ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಇದು ಕೌದಿ ಅಲ್ಲಬೇ, ಗೋಣಿಚೀಲ. ಮೆಕ್ಕಿಜ್ವಾಳ ತುಂಬಿಡ್ರಿ," ಎಂದು ಹೇಳಿ, ಆ ಮನೆಯವರು ನಮ್ಮ ಜೊತೆ ಮಾತು ಬಿಡುವಂತೆ ಮಾಡಿದವಳು ಇವಳೇ ಅಲ್ಲವೇ? ಇವಳ ಕೈಹೊಲಿಗೆ ನೋಡುವುದಕ್ಕೆಂದೇ ಹಂಪಸಾಗರದಿಂದ ಹೆಂಗಸರು ಬರುತ್ತಿರಲಿಲ್ಲವೇ?

"ಕೈಲೇ ಹೊಲಿ ಬೇ. ನಿನಗೇನು ಹೊಸದೇನು?" ಎಂದೆ.

"ಕಾಲ ಬದಲಾಗೈತಿ. ಮೇಷ್ಟ್ರಾಗಿ ಇಷ್ಟೂ ತಿಳೀವಲ್ದು ನಿನಗ."

ಕಾಲ ಬದಲಾದ ಸುದ್ದಿ ನಮ್ಮ ಮನೆಯ ರುಬ್ಬುವ ಕಲ್ಲಿಗೆ ಇನ್ನೂ ಯಾಕೆ ಮುಟ್ಟಿಲ್ಲ ಎಂದು ಕೇಳಿದೆ. ಉತ್ತರವಾಗಿ ಕೌದಿಯ ಗಂಟು ಮಾತ್ರ ನನ್ನ ಹೆಗಲಿಗೆ ಬಂತು.

ದೊಡ್ಡವ್ವನ ಹಿಂದೆ ಬಜಾರಿನಲ್ಲಿ ಹೋಗುವಾಗ ಹೋಟೆಲಿನವನು, "ಮೇಷ್ಟ್ರ, ಹಾಸಿಗಿ ಹೊತ್ಕಂಡು ಎಲ್ಲಿಗೆ ಹೊಂಟ್ರಿ? ಮನ್ಯಾಗ ಜಗಳೇನು?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ಹೆಂಗಸರ ಜಂಪರು ಹೊಲಿಯುವ ಟೇಲರು ಕೌದಿಯನ್ನು ಹೇಗೋ ಸೂಜಿಯ ಕೆಳಗೆ ತುರುಕಿ ಪೆಡಲು ತುಳಿದ. ಸೂಜಿ ಟಕ್ಕೆಂದು ಮುರಿಯಿತು. ಇನ್ನೊಂದು ಹಾಕಿದ. ಅದೂ ಹೋಯಿತು.

"ಯಮ್ಮಾ, ನನ್ನ ಮಷೀನು ಇಷ್ಟು ದಪ್ಪ ತಡಿಯಂಗಿಲ್ರಿ," ಎಂದ ಅವನು.

"ನಿನ್ನ ಮಷೀನಿಗೆ ಉಣ್ಣಾಕ ಹಾಕಂಗಿಲ್ಲೇನು ನೀನು?"

"ನೀವು ಕೈಲೇ ಹಾಕಿಬಿಡ್ರಿ. ನಿಮ್ಮ ಕೈಹೊಲಿಗಿ ಮುಂದ ನಂದೇನು ಬಿಡ್ರಿ."

ಈ ಹೊಗಳಿಕೆಗೆ ಹಿಗ್ಗಬೇಕಾದವಳು ಮುಖ ಗಂಟಿಕ್ಕಿಕೊಂಡು ಮೆಟ್ಟಿಲಿಳಿದಳು. ಮರುದಿನ ಆ ದಾರಿಯಲ್ಲಿ ನಮ್ಮನ್ನು ಕಂಡ ಟೇಲರು ಅರ್ಧ ಬಾಗಿಲು ಎಳೆದುಕೊಂಡ.

ಕೊಟ್ಟೂರಿನಲ್ಲಿ ಟ್ರ್ಯಾಕ್ಟರಿನ ಸೀಟು ಹೊಲಿಯುವವನೊಬ್ಬನಿದ್ದಾನೆಂದು ಅವಳಿಗೆ ಯಾರು ಹೇಳಿದರೋ, ಹೇಳಿದವರ ಬಾಯಿಗೆ ಮಣ್ಣು ಬೀಳಲಿ! ಗಂಟು ಹೊತ್ತು ಬಸ್ಸು ಹತ್ತಿದೆವು. ಕಂಡಕ್ಟರು ಗಂಟಿಗೂ ಟಿಕೆಟು ತೆಗೆದುಕೊಳ್ಳಬೇಕೆಂದ. "ಕೂಸಿಗೇ ಟಿಕೇಟಿಲ್ಲ, ಕೂಸಿನ ಕೌದಿಗೆ ಯಾಕಪಾ?" ಎಂದಳು ದೊಡ್ಡವ್ವ. ಕೂಸು ಎಲ್ಲಿದೆ ಎಂದು ಅವನು ಹುಡುಕುವಷ್ಟರಲ್ಲಿ ಕೊಟ್ಟೂರು ಬಂತು. ಸೀಟಿನವನ ಮಷೀನು ಗಟ್ಟಿಯಾದದ್ದೇ. ನೈಲಾನ್ ದಾರದಲ್ಲಿ ಗಡಗಡ ಎಂದು ಹೊಲಿದು ಕೊಟ್ಟ. ಮನೆಗೆ ತಂದು ಬಿಚ್ಚಿದರೆ ಕೌದಿ ಮಡಚಿಕೊಳ್ಳಲು ಒಪ್ಪದೆ ಹಲಗೆಯಂತೆ ನಿಂತಿತು. ದೊಡ್ಡವ್ವ ಅದಕ್ಕೆ ತನ್ನ ಕೆನ್ನೆ ಉಜ್ಜಿ ನೋಡಿ, "ಕೂಸಿಗೆ ಗೀರ್ತೈತಿ, ಬಿಚ್ಚು," ಎಂದಳು. ಬಿಚ್ಚುವವರು ಯಾರು? ನಾನೇ. ಶನಿವಾರದ ಮಧ್ಯಾಹ್ನವೆಲ್ಲ ಬ್ಲೇಡು ಹಿಡಿದು ಕೂತಿದ್ದೆ.

ಇಷ್ಟಾದ ಮೇಲಾದರೂ ಸುಮ್ಮನಾದಳೇ? ಭಾನುವಾರ ಬೆಳಗಾಗುತ್ತಿದ್ದಂತೆ ಹರಪನಹಳ್ಳಿಗೆ ಹೊರಡಿಸಿದಳು. ಅಲ್ಲಿ ಮೆಕ್ಕೆಜೋಳದ ಗೋದಾಮಿನಲ್ಲಿ ಚೀಲದ ಬಾಯಿ ಹೊಲಿಯುವ ಕೈಮಷೀನು ಇರುತ್ತದಲ್ಲ, ಅದು ಯಾವ ದಪ್ಪಕ್ಕೂ ಹೆದರುವುದಿಲ್ಲವಂತೆ. ಗೋಣಿಚೀಲವೆಂದು ಎದುರುಮನೆಯವರನ್ನು ಆಡಿಕೊಂಡವಳು ಈಗ ಸ್ವತಃ ಚೀಲದ ಮಷೀನನ್ನೇ ಹುಡುಕಿಕೊಂಡು ಹೊರಟಿದ್ದಳು. ಬೀಗರ ಊರು ಬೇರೆ. ಕಂಡರೆ ಮಾನ ಹೋಗುತ್ತದೆಂದು ತಾನು ಮೂಗಿನವರೆಗೆ ಸೆರಗು ಎಳೆದುಕೊಂಡಳು, ನನ್ನ ತಲೆಯ ಮೇಲೆ ಟವೆಲು ಹಾಕಿಸಿದಳು. ಬಸ್‌ಸ್ಟ್ಯಾಂಡಿನಿಂದ ಗೋದಾಮಿನವರೆಗೆ ಇಬ್ಬರೂ ಕಳ್ಳರಂತೆ ನಡೆದೆವು.

ಅಲ್ಲಿದ್ದ ಹಮಾಲಿ ಗಂಟನ್ನು ಕಂಡು, "ತೂಕ ಆಗೈತೇನ್ರಿ?" ಎಂದ.

"ಕಾಳಲ್ಲಪ್ಪಾ, ಕೌದಿ. ಇದರ ಮ್ಯಾಲ ನಾಕು ಗೀಟು ಎಳಿ," ಎಂದಳು ದೊಡ್ಡವ್ವ.

ಅವನು ನಗುತ್ತಲೇ ಸರ್ ಸರ್ ಎಂದು ಎಳೆದುಬಿಟ್ಟ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೊಲಿಗೆ ಮುಗಿದಿತ್ತು, ಅದೂ ನೂಲು ಹಿಡಿದಷ್ಟು ನೇರ. ವಾಪಸು ಬರುವಾಗ ದೊಡ್ಡವ್ವ ಬಸ್ಸಿನಲ್ಲಿದ್ದವರಿಗೆಲ್ಲ ಯಂತ್ರದ ಮಹಿಮೆ ಹೇಳಿದ್ದೇ ಹೇಳಿದ್ದು.

ಮನೆಯಲ್ಲಿ ಕೌದಿ ಹಾಸಿದೆವು. ತಂಗಿ ಕೂಸನ್ನು ಅದರ ಮೇಲೆ ಬೋರಲು ಹಾಕಿದಳು. ಸಾಲಿನ ತುದಿಯಲ್ಲಿ ದಾರ ಜೋತಾಡುತ್ತಿತ್ತು. ಕೂಸು ಅದನ್ನು ಹಿಡಿದು ಒಮ್ಮೆ ಎಳೆಯಿತು. ವ್ಯಾಪಾರಿ ಒಂದು ಕಡೆ ಎಳೆದರೆ ಚೀಲದ ಬಾಯಿ ಪೂರ್ತಿ ಬಿಚ್ಚಿಕೊಳ್ಳಲೆಂದೇ ಇರುವ ಹೊಲಿಗೆ ಅದು. ಸರ್ರನೆ ಇಡೀ ಸಾಲು ಬಿಚ್ಚಿ ಬಂತು. ಕೂಸು ದಾರವನ್ನು ಬಾಯಿಗಿಟ್ಟುಕೊಂಡು ನಕ್ಕಿತು. ನನಗೆ ನಗು ಬರಲಿಲ್ಲ.

"ನಾಳಿ ಬೀಗರು ಬರ್ತಾರ. ಇನ್ನ ಈ ಗಂಟು ನಾ ಹೊರಂಗಿಲ್ಲ," ಎಂದು ಕೂಗಿದೆ. "ಸೂಜಿ ತಗೊಂಡು ಕೈಲೇ ಹೊಲಿ, ಇಲ್ಲಾಂದ್ರ ಟಾಕಿನ ಮ್ಯಾಲೇ ಕಳಿಸು. ಹಟ ಮಾಡಾಕ ನೀನೇನು ಕೂಸೇನು?"

ದೊಡ್ಡವ್ವ ತಿರುಗಿ ಬೈಯಲಿಲ್ಲ. ಅದು ನಮ್ಮ ಮನೆಗೇ ಹೊಸದು.

ತಂಗಿ ಉಳಿದ ದಾರ ಕೀಳಲು ಕೌದಿಯನ್ನು ಮಗುಚಿದಳು. ಒಂದು ಮೂಲೆಯಲ್ಲಿ ಅವಳ ಕೈ ನಿಂತಿತು. ಅಲ್ಲಿ, ಬ್ಲೇಡು ಹಿಡಿದು ಕೂತಿದ್ದಾಗ ನಾನು ಟಾಕೆಂದುಕೊಂಡು ಬಿಟ್ಟಿದ್ದ, ಕೆಂಪು ದಾರದ ಕೈಹೊಲಿಗೆಯ ಸಾಲೊಂದಿತ್ತು. ಗೇಣುದ್ದ ನೆಟ್ಟಗೆ ಹೋಗಿ, ಆಮೇಲೆ ಮೇಲೆ ಹತ್ತಿ, ಕೆಳಗೆ ಇಳಿದು, ಒಂದು ಹೊಲಿಗೆ ಉದ್ದ ಒಂದು ಗಿಡ್ಡವಾಗಿ, ನಡುವೆಯೇ ನಿಂತುಹೋಗಿತ್ತು.

"ದೊಡ್ಡವ್ವಾ, ಇದನ್ನ ಯಾರು ಹಾಕ್ಯಾರ?"

ದೊಡ್ಡವ್ವ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ಏನನ್ನಿಸಿತೋ, ಹೊರಗೆ ತೆಗೆದು ನಮ್ಮ ಮುಂದೆ ಹಿಡಿದಳು. ಬೆರಳುಗಳು ನಡುಗುತ್ತಿದ್ದವು.

"ಯುಗಾದಿಯಿಂದ ಹಿಂಗಾಗೈತಿ. ಸೂಜಿ ಹಿಡಿದ್ರ ಕೈ ನನ್ನ ಮಾತು ಕೇಳಂಗಿಲ್ಲ," ಎಂದಳು. "ಇಂಥ ಸೊಟ್ಟ ಹೊಲಿಗಿ ನಿಮ್ಮತ್ತಿ ಕಣ್ಣಿಗೆ ಬಿದ್ರ ಏನಂತಾಳ? ತಾಯಿ ಇಲ್ಲದ ಮನಿ, ಹಿಂಗ ಕೊಟ್ಟು ಕಳಿಸ್ಯಾರ ಅಂತಾಳ. ಆ ಮಾತು ನಿನ್ನ ಕಿವಿಗೆ ಬೀಳಬಾರದು ಅಂತ ಓಡ್ಯಾಡಿದೆ."

ಮೂರೂರು ಸುತ್ತಿಸಿದ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು. ನನಗೆ ಅಳು ಬಂತು, ಮುಚ್ಚಿಡುವುದೇಕೆ?

ತಂಗಿ ಕೂಸನ್ನು ನನ್ನ ಕೈಗೆ ಕೊಟ್ಟಳು. ಸೂಜಿಗೆ ಕೆಂಪು ದಾರ ಪೋಣಿಸಿ ದೊಡ್ಡವ್ವನ ಬೆರಳಿಗೆ ಕೊಟ್ಟು, ಅವಳ ಮಣಿಕಟ್ಟನ್ನು ತಾನು ಹಿಡಿದುಕೊಂಡಳು. ನಿಂತಿದ್ದ ಸಾಲು ಅಲ್ಲಿಂದಲೇ ಮುಂದಕ್ಕೆ ಹೋಯಿತು. ಒತ್ತಾಗಿ ಹಾಕಲು ಹೊತ್ತಿರಲಿಲ್ಲ. ದೂರ ದೂರ ಸಾಲು ಹಾಕಿ ದೀಪ ಹಚ್ಚುವ ಹೊತ್ತಿಗೆ ಮುಗಿಸಿದರು. ದೊಡ್ಡವ್ವ ಕೌದಿಯನ್ನು ದೂರ ಹಿಡಿದು ನೋಡಿದಳು. ಒಂದು ಸಾಲೂ ನೆಟ್ಟಗಿರಲಿಲ್ಲ.

"ನಿಮ್ಮತ್ತಿ ಕೇಳಿದ್ರ, ಮಷೀನು ಕೆಟ್ಟಿತ್ತು ಅಂತ ಹೇಳವ್ವ," ಎಂದಳು.

"ನಾ ಯಾಕ ಸುಳ್ಳು ಹೇಳ್ಲಿ?" ಎಂದಳು ತಂಗಿ, ಕೂಸನ್ನು ಕೌದಿಯ ಮೇಲೆ ಮಲಗಿಸುತ್ತ. "ನಮ್ಮವ್ವ ಹೊಲಿದಾಳ ಅಂತ ಹೇಳ್ತೀನಿ."

ತಂಗಿ ಅವಳನ್ನು ಅವ್ವ ಎಂದದ್ದು ಅದೇ ಮೊದಲು. ದೊಡ್ಡವ್ವ ನಡುಗುವ ಕೈಯನ್ನು ಕೂಸಿನ ಬೆನ್ನ ಮೇಲಿಟ್ಟು ಹಾಗೇ ಕೂತಳು.