ಅಪ್ಪನ ಕತ್ತು

ಎಲ್ಲದಕ್ಕೂ ಮೂಲ ಗದ್ದದ ಕೆಳಗಿನ ಒಂದು ಮಡಿಕೆ.

ಚನ್ನರಾಯಪಟ್ಟಣದ ವಿಮಾ ಏಜೆಂಟ್ ನಾಗೇಶನಿಗೆ ಐವತ್ತು ತುಂಬಿದ ವರ್ಷ ಅದು ಅವನ ಕತ್ತಿನಲ್ಲಿ ಕಾಣಿಸಿಕೊಂಡಿತು. ವಯಸ್ಸಾಗುತ್ತಾ ಬಂದರೆ ಚರ್ಮ ಜೋಲುವುದು ಹೊಸದೇನಲ್ಲ, ಹಸುವಿಗೆ ಗಂಗೆದೊಗಲು ಇರುವ ಹಾಗೆ ಇದೂ ಒಂದು ಎಂದು ಅವನು ಸುಮ್ಮನಿದ್ದ. ಆದರೆ ಆ ಮಡಿಕೆ ಅವನದಾಗಿರಲಿಲ್ಲ. ಆರು ವರ್ಷದ ಹಿಂದೆ ತೀರಿಕೊಂಡ ಅವನ ಅಪ್ಪ ರಂಗಸ್ವಾಮಿ ಮೇಷ್ಟ್ರದಾಗಿತ್ತು. ಎಡಕ್ಕೆ ಸ್ವಲ್ಪ ಹೆಚ್ಚು ಇಳಿದು, ಉಗುಳು ನುಂಗಿದಾಗ ಒಂದು ಕ್ಷಣ ತಡವಾಗಿ ಅಲುಗುವ ಮಡಿಕೆ. ಮೂವತ್ತು ವರ್ಷ ಹೈಸ್ಕೂಲಿನ ಹುಡುಗರು ಮೇಷ್ಟ್ರ ಬೆತ್ತಕ್ಕಿಂತ ಹೆಚ್ಚಾಗಿ ಆ ಮಡಿಕೆ ಅಲುಗುವುದನ್ನು ನೋಡಿಯೇ ಹೆದರುತ್ತಿದ್ದರು.

ಆಮೇಲೆ ಮೇಷ್ಟ್ರು ಕಂತಿನಲ್ಲಿ ಬರತೊಡಗಿದರು. ಮರುವರ್ಷ ಬಾಯಿಯ ಎರಡೂ ಪಕ್ಕದಲ್ಲಿ ಕೆನ್ನೆ ಇಳಿಯಿತು. ಅದರ ಮರುವರ್ಷ ದವಡೆ. ಕಳೆದ ಯುಗಾದಿಯ ಹೊತ್ತಿಗೆ ಕೆಮ್ಮು ಕೂಡ ಅವರದೇ ಆಯಿತು. ಕಟಿಂಗ್ ಶಾಪಿನ ಕನ್ನಡಿಯಲ್ಲಿ ಅಪ್ಪನನ್ನು ಕಂಡು ನಾಗೇಶ ಕುರ್ಚಿಯಿಂದ ಏಳಲು ಹೋಗಿ, ಕಿವಿಯ ತುದಿ ಕೊಯ್ಸಿಕೊಂಡದ್ದೂ ಉಂಟು.

ಊರಿನವರಂತೂ ಅವನನ್ನು ಮರೆತೇಬಿಟ್ಟರು. ಎದುರು ಮನೆಯ ಜೆರಾಕ್ಸ್ ಅಂಗಡಿ ಮಂಜುನಾಥ, ಮೇಷ್ಟ್ರ ಹಳೆಯ ಶಿಷ್ಯ, ಎರಡು ಮಕ್ಕಳ ತಂದೆ, ಇವನು ಬಾಗಿಲಿಗೆ ಬಂದ ಕೂಡಲೇ ಗುಟ್ಕಾ ಪೊಟ್ಟಣವನ್ನು ಜೇಬಿಗೆ ತುರುಕುತ್ತಿದ್ದ.

"ಯಾಕ್ಲಾ ಮಂಜ, ನಾನು ನಾಗೇಶ ಕಣ್ಲಾ!"

"ನಂಗೊತ್ತು ಕಣಣ್ಣ. ಕೈಗ್ ಗೊತ್ತಾಗಾಕಿಲ್ವಲ್ಲ."

ವ್ಯಾಪಾರವೂ ನೆಲ ಕಚ್ಚಿತು. ಸತ್ತವರೇ ಎದುರಿಗೆ ಬಂದು ಕೂತು, ಸಾವು ಯಾವಾಗ ಬರುತ್ತದೋ ಹೇಳಲಾಗದು, ಒಂದು ಪಾಲಿಸಿ ಮಾಡಿಸಿ ಎಂದರೆ ಯಾರ ಕೈ ತಾನೆ ಸಹಿ ಹಾಕೀತು?

ಹೀಗಿರುವಾಗ ಹಾಸನದಲ್ಲಿ ಒಬ್ಬರು ಡಾಕ್ಟರು ಕತ್ತು, ಗದ್ದ, ದವಡೆಯ ಜೋಲು ಚರ್ಮವನ್ನು ಕೊಯ್ದು ಬಿಗಿ ಮಾಡುತ್ತಾರೆಂದು ನಾಗೇಶನ ಕಿವಿಗೆ ಬಿತ್ತು. ಮೂರು ದಿನ ಯೋಚಿಸಿದ. ನಾಲ್ಕನೆಯ ದಿನ ಫೋನ್ ಮಾಡಿದ.

"ಮುಂದಿನ ತಿಂಗಳವರೆಗೂ ಫುಲ್ ಇದೆ ಸರ್," ಎಂದಳು ಅಲ್ಲಿಯ ಹುಡುಗಿ. "ಮಹಾಲಯ ಅಮಾವಾಸ್ಯೆ ದಿನ ಮಾತ್ರ ಪೂರ್ತಿ ಖಾಲಿ. ಆವತ್ತು ಯಾರೂ ಬರಲ್ಲ."

"ಅದೇ ಬರ್ಕೊಳ್ಳಿ," ಎಂದುಬಿಟ್ಟ ನಾಗೇಶ. ಅಮಾವಾಸ್ಯೆ ದಿನ ಹೊಸ ಚಪ್ಪಲಿ ಕೂಡ ಕೊಳ್ಳದ ಊರು ನಮ್ಮದು. ಹಠಕ್ಕೆ ಬಿದ್ದವನಿಗೆ ಅಮಾವಾಸ್ಯೆ ಏನು, ಗ್ರಹಣ ಏನು?

ಆ ದಿನ ಬೆಳಿಗ್ಗೆ ವಡೆಗೆ ರುಬ್ಬುತ್ತಿದ್ದ ಹೆಂಡತಿ ಪ್ರೇಮಕುಮಾರಿಗೆ ವಿಷಯ ತಿಳಿಸಿದ.

"ಇವತ್ತೇ ಓಗ್ಬೇಕಾ?" ಎಂದಳು ಅವಳು. "ಹಿರಿಯರ ಅಬ್ಬ. ಮಾವನ್ನ ಊಟಕ್ ಕರ್ದು, ಅವತ್ತೇ ಮಾವನ್ ಮುಖ ಕುಯ್ಸಾಕ್ ಒಂಟವ್ರಲ್ಲ!"

"ಇವತ್ತು ಬರೀ ತೋರ್ಸೋದು ಕಣೆ, ಕುಯ್ಯೋದು ಆಮ್ಯಾಕೆ. ಅಲ್ದೆ ಅದು ನನ್ನ ಮುಖ!"

ಪ್ರೇಮಕುಮಾರಿ ಒಂದು ಗಳಿಗೆ ಅವನನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಕೈ ತಾನಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಮಾವನ ಎದುರು ಅವಳು ಹಾಗೆ ಮಾಡುತ್ತಿದ್ದಳು. ಎರಡು ವರ್ಷದಿಂದ ಗಂಡನ ಎದುರೂ ಮಾಡುತ್ತಿದ್ದಾಳೆ. ಊರು ಏನಾದರೂ ಮಾಡಿಕೊಳ್ಳಲಿ, ಆ ಸೆರಗು ಮಾತ್ರ ನಾಗೇಶನ ಎದೆಗೆ ನಾಟಿತ್ತು. ಅವನು ಸ್ನಾನಕ್ಕೆ ಹೋದ.

ಮಧ್ಯಾಹ್ನದ ಹೊತ್ತಿಗೆ ಎಡೆ ಸಿದ್ಧವಾಯಿತು. ನುಗ್ಗೇಹಳ್ಳಿಯಿಂದ ಮೇಷ್ಟ್ರ ತಂಗಿ, ನಾಗೇಶನ ಸೋದರತ್ತೆ ಅನಸೂಯಮ್ಮ ಬಂದಿದ್ದಳು. ಕೋಣೆಯಲ್ಲಿ ಮೇಷ್ಟ್ರ ಫೋಟೋ ಇಟ್ಟು, ಎದುರಿಗೆ ಬಾಳೆಲೆ ಹಾಸಿ, ಅನ್ನ, ಕೋಳಿ ಸಾರು, ವಡೆ, ಕಜ್ಜಾಯ ಎಲ್ಲ ಬಡಿಸಿದರು. ಮೇಷ್ಟ್ರಿಗೆ ಪ್ರಾಣವಾಗಿದ್ದ ನಶ್ಯದ ಡಬ್ಬಿಯನ್ನು ಮುಚ್ಚಳ ತೆಗೆದು ಎಲೆಯ ತುದಿಯಲ್ಲಿ ಇಟ್ಟರು. ಎಡೆ ಇಟ್ಟ ಮೇಲೆ ಮನೆಮಂದಿಯೆಲ್ಲ ಆಚೆ ಹೋಗಿ ಬಾಗಿಲು ಮುಚ್ಚಿ ನಿಲ್ಲಬೇಕು. ಹಿರಿಯರು ಬಂದು ಉಂಡು ಹೋಗುವ ತನಕ ಯಾರೂ ಇಣುಕಬಾರದು. ಅಷ್ಟು ಹೊತ್ತಿಗೆ ಫೋಟೋದ ಸೀರಿಯಲ್ ಲೈಟ್ ಆರಿತು. ನಾಗೇಶ ಮೇಜಿನ ಹಿಂದೆ ತೂರಿ ಪ್ಲಗ್ ತಡಕುತ್ತಿದ್ದಾಗ ಅತ್ತೆಯ ದನಿ ಕೇಳಿತು.

"ಎಲ್ರೂ ಒರಕ್ ಬಂದ್ರಾ? ಯಾರೂ ಮಾತಾಡ್ಬ್ಯಾಡಿ. ಅಣ್ಣಯ್ಯ ಉಣ್ಣಾಗಂಟ ಸುಮ್ಕಿರಿ."

ಬಾಗಿಲು ಮುಚ್ಚಿತು, ಚಿಲಕ ಬಿತ್ತು.

ಕೂಗಿದರೆ ಎಡೆ ಕೆಡುತ್ತದೆ, ಅತ್ತೆ ವರ್ಷವಿಡೀ ಅದನ್ನೇ ಹಾಡುತ್ತಾಳೆ. ನಾಗೇಶ ಎಲೆಯ ಪಕ್ಕ ಮುದುರಿ ಕೂತ. ಕಿಟಕಿ ಮುಚ್ಚಿತ್ತು. ಊದುಬತ್ತಿಯ ಹೊಗೆ ಅಲುಗದೆ ನೇರವಾಗಿ ಏರುತ್ತಿತ್ತು. ಆದರೆ ಅನ್ನದ ಮೇಲಿನ ಹಬೆ ಮಾತ್ರ ಒಂದು ಪಕ್ಕಕ್ಕೆ ಬಾಗಿತು. ನಿಂತಿತು. ಮತ್ತೆ ಬಾಗಿತು. ಬಿಸಿ ಅನ್ನವನ್ನು ಯಾರೋ ಊದಿ ಆರಿಸಿಕೊಳ್ಳುತ್ತಿರುವ ಹಾಗಿತ್ತು. ನಾಗೇಶ ಥಟ್ಟನೆ ಉಸಿರನ್ನು ಎಳೆದುಕೊಂಡ. ಉಸಿರಿನ ಜೊತೆಗೆ ನಶ್ಯವೂ ಒಳಗೆ ಹೋಯಿತು.

ಸೀನು ಬಂತು. ಮೇಷ್ಟ್ರ ಸೀನು, ಹೆಂಚು ಅದುರಿಸುವಂಥದ್ದು.

ಬಾಗಿಲಾಚೆಯಿಂದ ಅತ್ತೆ ಚೀರಿದಳು: "ಅಣ್ಣಯ್ಯ ಬಂದ್ಬುಟ್ಟ!"

"ಮಾವಾ," ಎಂದಳು ಪ್ರೇಮಕುಮಾರಿ, "ಇವ್ರು ಆಸನಕ್ಕೋಗಿ ಕತ್ತು ಕುಯ್ಸ್ಕತೀನಿ ಅಂತವ್ರೆ. ಏನೇಳ್ತೀರಿ?"

"ಇನ್ನೇನೇಳಾನು?" ಎಂದಳು ಅತ್ತೆ. " ಒಂಟಿ ಸೀನು ಸೀನವ್ನೆ. ಬ್ಯಾಡ ಅಂತ ಅರ್ಥ."

ನಾಗೇಶನಿಗೆ ಗಾಬರಿಯಾಯಿತು. ಹೊರಡುವ ಕೆಲಸಕ್ಕೆ ಒಂಟಿ ಸೀನು ಅಪಶಕುನ, ಜೋಡಿ ಸೀನಾದರೆ ದೋಷವಿಲ್ಲ. ಇನ್ನೊಂದು ಸೀನಿದರೆ ಆಯಿತು! ಆದರೆ ಬೇಕೆಂದಾಗ ಸೀನು ಬರುತ್ತದೆಯೇ? ಡಬ್ಬಿಯಿಂದ ಒಂದು ಚಿಟಿಕೆ ಏರಿಸಿದ. ಬರಲಿಲ್ಲ. ಇನ್ನೊಂದು ಚಿಟಿಕೆ ಹಿಡಿದು, ಕಣ್ಣು ಮುಚ್ಚಿ, ಕತ್ತನ್ನು ಹಿಂದಕ್ಕೆ ಚೆಲ್ಲಿ, ಬಾಯಿ ಅಗಲಿಸಿ ಕಾಯುತ್ತಿದ್ದಾಗ ಬಾಗಿಲು ತೆರೆಯಿತು.

ಹೊಗೆಯ ನಡುವೆ, ಎಡೆಯ ಮುಂದೆ, ಮೂಗಿಗೆ ಚಿಟಿಕೆ ಹಿಡಿದು ರಂಗಸ್ವಾಮಿ ಮೇಷ್ಟ್ರು ಕೂತಿದ್ದರು. ಅತ್ತೆ ಇದ್ದಲ್ಲಿಂದಲೇ ಉದ್ದಕ್ಕೆ ಅಡ್ಡಬಿದ್ದಳು.

"ಅತ್ತೆ, ನಾನು ಕಣತ್ತೆ, ನಾಗೇಶ!"

ಅತ್ತೆ ತಲೆಯೆತ್ತಿ ನೋಡಿದಳು. "ಅಂಗಾರೆ ಆ ಸೀನು?"

"ಅದೂ ನಂದೇ."

"ಸುಳ್ ಏಳ್ಬ್ಯಾಡ ಕಣ್ಲಾ. ಚಿಕ್ಕುಡ್ಗನಿಂದ ನಿನ್ ಸೀನ್ ಕೇಳಿಲ್ವಾ ನಾನು? ಬೆಕ್ಕಿನ್ ಮರಿ ಸೀನ್ದಂಗೆ ಸೀನ್ತಿದ್ದೆ. ಅದು ಅಣ್ಣಯ್ಯಂದೇ. ನಿನ್ ಮೂಗ್ನಾಗ್ ಬಂದದೆ ಅಷ್ಟೆ."

ವಾದ ಮಾಡಲು ಬಾಯಿ ತೆರೆದ ನಾಗೇಶನ ಕಣ್ಣು ಎಲೆಯ ಮೇಲೆ ಬಿತ್ತು. ಒಂದು ವಡೆ ಮುರಿದಿತ್ತು, ಅರ್ಧ ಕಾಣೆಯಾಗಿತ್ತು. ಅವನು ಅದನ್ನು ಮುಟ್ಟಿರಲಿಲ್ಲ. ಊಟವನ್ನೂ ಮಾಡದೆ, ಮುಖಕ್ಕೆ ಕೊರೊನಾ ಕಾಲದ ಮಾಸ್ಕ್ ಹಾಕಿ, ಕತ್ತಿಗೆ ಟವೆಲ್ ಸುತ್ತಿ ಹೊರಟೇಬಿಟ್ಟ. ಅಷ್ಟರಲ್ಲಾಗಲೇ ಸುದ್ದಿ ಮುಟ್ಟಿದ್ದರಿಂದ ಮಂಜುನಾಥ ಅಂಗಡಿಯ ಮುಂದೆ ಕೈಕಟ್ಟಿ ನಿಂತಿದ್ದ.

"ಓಗ್ ಬನ್ನಿ ಸಾ," ಎಂದ. ನಿನ್ನೆಯವರೆಗೆ ಅಣ್ಣ ಎನ್ನುತ್ತಿದ್ದವನು!

ಹಾಸನದ ಬಸ್ಸಿನಲ್ಲಿ ಮಾಸ್ಕು ಕಾಪಾಡಿತು. ಆದರೆ ಶಾಂತಿಗ್ರಾಮ ದಾಟಿದ ಮೇಲೆ ಕೆಮ್ಮು ಬಂತು. ಎಷ್ಟು ತಡೆದರೂ ನಿಲ್ಲದೆ ಒಂದೇ ಒಂದು ಸಲ ಕೆಮ್ಮಿದ. ಹಿಂದಿನ ಸೀಟುಗಳಲ್ಲಿದ್ದ ನಲವತ್ತು ದಾಟಿದ ಮೂವರು ಗಂಡಸರು ಥಟ್ಟನೆ ಎದ್ದು ನಿಂತರು. ಯಾಕೆ ನಿಂತೆವೆಂದು ಅವರಿಗೇ ಗೊತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ಕೂತರು. ನಾಗೇಶ ಹಾಸನ ಬರುವವರೆಗೂ ಟವೆಲನ್ನು ಬಾಯಿಗೆ ಒತ್ತಿಕೊಂಡಿದ್ದ.

ಆಸ್ಪತ್ರೆಯಲ್ಲಿ ನರಪಿಳ್ಳೆ ಇರಲಿಲ್ಲ. ಅನುಶ್ರೀ ಎಂಬ ನರ್ಸ್ ಅವನ ಹೆಸರು, ತಂದೆಯ ಹೆಸರು ಬರೆದುಕೊಂಡು, ಮಾಸ್ಕ್ ತೆಗೆಸಿ ಎದುರಿನಿಂದ, ಪಕ್ಕದಿಂದ ಫೋಟೋ ಹಿಡಿದು ಒಳಗೆ ಕಳಿಸಿದಳು. ಡಾಕ್ಟರ್ ರಜನೀಶ್ ಐವತ್ತರ ಆಸುಪಾಸಿನ, ಬೆಳ್ಳಗೆ ಅಚ್ಚುಕಟ್ಟಾಗಿದ್ದ ಮನುಷ್ಯ. ನಾಗೇಶನ ಕಡೆ ಸರಿಯಾಗಿ ತಿರುಗಿಯೂ ನೋಡದೆ ಕಂಪ್ಯೂಟರಿನಲ್ಲಿದ್ದ ಫೋಟೋದ ಕತ್ತನ್ನು ಮೌಸಿನಿಂದ ಹಿಡಿದು ಮೇಲಕ್ಕೆ ಎಳೆದರು. ದವಡೆ ಬಿಗಿಯಾಯಿತು. ಕೆನ್ನೆ ತನ್ನ ಜಾಗಕ್ಕೆ ಹೋಯಿತು.

"ಆಪರೇಷನ್ ಆದ್ಮೇಲೆ ಹೀಗಿರ್ತೀರಿ," ಎಂದರು.

ಪರದೆಯ ಮೇಲೆ ನಾಗೇಶ ಇದ್ದ. ಮದುವೆಯಾದಾಗ ಪ್ರೇಮಕುಮಾರಿ ಕದ್ದು ಕದ್ದು ನೋಡುತ್ತಿದ್ದಳಲ್ಲ, ಆ ನಾಗೇಶ. ಅವನ ಕಣ್ಣು ತುಂಬಿ ಬಂದವು. ಎಷ್ಟು ವರ್ಷವಾಗಿತ್ತು ತನ್ನನ್ನು ತಾನು ನೋಡಿ!

"ಇದೇ ಬೇಕು ಡಾಕ್ಟ್ರೇ. ಯಾವತ್ ಮಾಡ್ತೀರಿ?"

"ಗುರುವಾರ ಒಬ್ರು ಕ್ಯಾನ್ಸಲ್ ಮಾಡಿದಾರೆ, ಆವತ್ತೇ. ಎಲ್ಲಿ, ಕತ್ತೆತ್ತಿ. ಎಲ್ಲಿ ಕುಯ್ಯಬೇಕು ಅಂತ ಗೆರೆ ಹಾಕಿ ನೋಡೋಣ."

ಡಾಕ್ಟರು ನೇರಳೆ ಬಣ್ಣದ ಪೆನ್ನು ಹಿಡಿದು ಬಂದರು. ನಾಗೇಶ ಕತ್ತೆತ್ತಿ ಉಗುಳು ನುಂಗಿದ. ಒಂದು ಕ್ಷಣ ತಡವಾಗಿ ಮಡಿಕೆ ಅಲುಗಿತು. ಪೆನ್ನು ಗದ್ದದಿಂದ ಹೊರಟದ್ದು ಸೊಟ್ಟಗೆ ಓಡಿ ಕಿವಿಯವರೆಗೂ ಹೋಯಿತು. ಡಾಕ್ಟರು ಹಿಂದೆ ಹಿಂದೆ ಸರಿದು ಬಾಗಿಲವರೆಗೂ ಹೋಗಿ, ಅದನ್ನು ಮುಚ್ಚಿ ಬೋಲ್ಟ್ ಹಾಕಿದರು. ಆಮೇಲೆ ಗೋಡೆಗೆ ಒರಗಿ ಎದೆಯ ಮೇಲೆ ಕೈಕಟ್ಟಿ ನಿಂತರು.

"ಫಾರಂನಾಗೆ ನಿಮ್ ಮಗ ಅಂತ ಬರೆಸವ್ರೆ ಸಾ," ಎಂದರು. ಇಷ್ಟು ಹೊತ್ತು ಆಡುತ್ತಿದ್ದ ಪೇಟೆಯ ಮಾತು ಎಲ್ಲೋ ಬಿದ್ದುಹೋಗಿತ್ತು. "ಆದ್ರೆ ಹಿರಿಯರ ಅಬ್ಬದ್ ದಿನ ಯಾರೂ ಬರಾಕಿಲ್ಲ. ನೀವ್ ಬಂದಿದೀರಿ. ಯಾತಕ್ ಬಂದಿದೀರಿ ಅಂತ ನಂಗೊತ್ತು."

"ಅಲ್ಲ ಡಾಕ್ಟ್ರೇ, ನಾನು..."

"ಎಸ್ಸೆಸ್ಸೆಲ್ಸಿ ಸೈನ್ಸ್ ಪೇಪರ್ ದಿನ ನನ್ ತೋಳ್ನಾಗೆ ಚೀಟಿ ಇತ್ತು. ನೀವ್ ಕಂಡ್ರಿ. ಕಂಡೂ ಕಾಣ್ದಂಗೆ ಕಿಟ್ಕಿ ಕಡೆ ತಿರುಗುದ್ರಿ. ಅವತ್ತೇ ನಾಕ್ ಬಿಟ್ಟಿದ್ರೆ ನಾನ್ ಅಲ್ಲೇ ನಿಲ್ತಿದ್ದೆ ಸಾ."

ಹೋಗಲಿ, ಎಸ್ಸೆಸ್ಸೆಲ್ಸಿಯಲ್ಲಿ ಯಾರು ತಾನೆ ಕಾಪಿ ಹೊಡೆದಿಲ್ಲ ಎಂದು ನಾಗೇಶ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. ಆದರೆ ಡಾಕ್ಟರು ನಿಲ್ಲಿಸಲಿಲ್ಲ.

"ಡಾಕ್ಟ್ರಿಕೆ ಓದ್ವಾಗ ಎಲ್ಲಾ ನಾನೇ ಓದಿ ಪಾಸ್ ಮಾಡ್ದೆ ಸಾ, ನಿಮ್ ಪಾದದಾಣೆ. ಒಂದೇ ಒಂದ್ ಪಾಠ ಮಾತ್ರ ಪಕ್ಕದವನ್ ನೋಡಿ ಬರ್ದೆ."

"ಯಾವ ಪಾಠ?" ಎಂದ ನಾಗೇಶ.

"ಕತ್ತು ಸಾ."

ನಾಗೇಶನ ಎರಡೂ ಕೈ ಕತ್ತಿಗೆ ಹೋದವು. ಏನೇ ಆಗಲಿ, ಜೋಲಲಿ, ತೂಗಲಿ, ಇದ್ದರೆ ಸಾಕು ಈ ಕತ್ತು! ನಾನು ಬರುತ್ತೇನೆ, ಬಾಗಿಲು ತೆಗೆಯಿರಿ ಎಂದು ಹೇಳಲು ಅವನು ಬಾಯಿ ತೆರೆದ. ಗಂಟಲಿನ ಆಳದಿಂದ ಬೇರೆಯೇ ಒಂದು ದನಿ, ನಿಧಾನವಾಗಿ, ಭಾರವಾಗಿ ಎದ್ದು ಬಂತು.

"ಪುಸ್ತಕ ತೆಗಿ."

ಡಾಕ್ಟರು ಓಡಿಹೋಗಿ ಬೀರುವಿನಿಂದ ದಪ್ಪ ಪುಸ್ತಕವೊಂದನ್ನು ಎಳೆದು ತಂದರು. ಕತ್ತಿನ ಪಾಠವನ್ನು ತೆರೆದು, ನೇರವಾಗಿ ನಿಂತು, ಒಂದನೆಯ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದರು. ನಾಗೇಶ ಏಳಲು ನೋಡಿದ, ಕಾಲು ಏಳಲಿಲ್ಲ. ಅವನ ಬಲಗೈ ಬೆರಳು ಮೇಜನ್ನು ಟಕಟಕ ಕುಟ್ಟುತ್ತಿತ್ತು. ಡಾಕ್ಟರು ತಪ್ಪಿದಲ್ಲೆಲ್ಲ ಬೆರಳು ನಿಲ್ಲುತ್ತಿತ್ತು, ಅವರು ಬೆವರಿ ಆ ಸಾಲನ್ನು ಮತ್ತೆ ಓದುತ್ತಿದ್ದರು. ವೈದ್ಯಶಾಸ್ತ್ರದ ಒಂದಕ್ಷರವೂ ಗೊತ್ತಿಲ್ಲದ ನಾಗೇಶನ ಬೆರಳಿಗೆ ತಪ್ಪು ಹೇಗೆ ತಿಳಿಯುತ್ತಿತ್ತೋ!

ಅಷ್ಟು ಹೊತ್ತು ಯಾರೂ ಮುಟ್ಟದ ಕಂಪ್ಯೂಟರಿನ ಪರದೆ ತಾನಾಗಿ ಕಪ್ಪಾಯಿತು. ಬಿಗಿ ಕತ್ತಿನ ನಾಗೇಶ ಅಳಿಸಿಹೋದ. ಆ ಕಪ್ಪು ಗಾಜಿನಲ್ಲಿ ಮೇಷ್ಟ್ರು ಕಾಣಿಸಿದರು. ಅವರು ತೃಪ್ತಿಯಿಂದ ಏನೋ ಅಗಿಯುತ್ತಿದ್ದರು.

ಮೂರು ಪುಟ ಮುಗಿಸಿದ ಡಾಕ್ಟರು ಪುಸ್ತಕವನ್ನು ಎದೆಗೊತ್ತಿಕೊಂಡು ಕೇಳಿದರು: "ಮಿಕ್ಕಿದ್ದು ಸಾ?"

"ನಾಳೆ ಬರ್ತೀನಿ," ಎಂದಿತು ಗಂಟಲು. ನಾಗೇಶನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.